ಪಾಸ್ ಆದ ಕಾನೂನು ಇನ್ನೂ ಯಾಕೆ ಬಂದಿಲ್ಲ?

"ಸರ್, ಆ ಕಾನೂನು ಪಾರ್ಲಿಮೆಂಟಲ್ಲಿ ಪಾಸ್ ಆಯ್ತಲ್ಲ, ಟಿವೀಲಿ ನಾನೇ ನೋಡಿದೆ. ಮತ್ಯಾಕೆ ಇನ್ನೂ ಬಂದಿಲ್ಲ?"

ವಕೀಲಿ ಶುರು ಮಾಡಿದ ಮೇಲೆ ನನಗೆ ಅತಿ ಜಾಸ್ತಿ ಬಂದಿರುವ ಪ್ರಶ್ನೆ ಇದು. ಕಕ್ಷಿದಾರರು ಕೇಳುತ್ತಾರೆ, ಕೋರ್ಟ್ ಎದುರಿನ ಟೀ ಅಂಗಡಿಯವರು ಕೇಳುತ್ತಾರೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. "ಮಾಮ, ಮುಂದಿನ ತಿಂಗಳಿಂದ ಹೊಸ ಲೇಬರ್ ಕೋಡ್ ಅಂತೆ, ಕೈಗೆ ಬರೋ ಸಂಬಳ ಕಮ್ಮಿ ಆಗತ್ತಂತೆ, ನಿಜಾನಾ?" ಅಂತ ಅವನು ಎಷ್ಟು ಸಲ ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾನೋ ಲೆಕ್ಕವಿಲ್ಲ. ಮುಂದಿನ ತಿಂಗಳು ಬರುತ್ತಿತ್ತು, ಹೋಗುತ್ತಿತ್ತು. ಸಂಬಳ ಹಾಗೇ ಇರುತ್ತಿತ್ತು.

ಪಾಸ್ ಆಗುವುದು ಬೇರೆ, ಜಾರಿಗೆ ಬರುವುದು ಬೇರೆ. ನಿಶ್ಚಿತಾರ್ಥ ಆಗಿದೆ, ಮುಹೂರ್ತ ಇಟ್ಟಿಲ್ಲ ಅಂದುಕೊಳ್ಳಿ. ಮುಹೂರ್ತ ಇಡುವವರು ಹೆಚ್ಚಿನ ಸಲ ಸಂಸತ್ತಿನವರಲ್ಲ, ಸರ್ಕಾರದವರು. ತಮಾಷೆ ಇರುವುದೇ ಅಲ್ಲಿ.

ಸಂಸತ್ತಿನೊಳಗಿನ ಕಥೆ ನಿಮಗೆ ಗೊತ್ತಿರುವುದೇ. ಮಸೂದೆ ಮಂಡನೆ ಆಗುತ್ತದೆ, ಕೆಲವು ಸಮಿತಿಗೆ ಹೋಗಿ ಬರುತ್ತವೆ, ಒಂದೊಂದೇ ಕಲಂ ಮತಕ್ಕೆ ಬರುತ್ತದೆ. ಒಂದು ಸದನ ಮುಗಿದರೆ ಇನ್ನೊಂದು ಸದನ. ಆಮೇಲೆ ರಾಷ್ಟ್ರಪತಿಯವರ ಅಂಕಿತ. ಅಲ್ಲೂ ಸಹಿ ಇಷ್ಟು ದಿನದೊಳಗೆ ಆಗಲೇಬೇಕು ಅಂತ ಸಂವಿಧಾನ ಹೇಳುವುದಿಲ್ಲ. 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಸುಮ್ನೆ ಇಟ್ಟುಕೊಂಡರು! ಅಂಕಿತ ಬಿದ್ದರೆ ಮಸೂದೆ ಕಾಯ್ದೆಯಾಗಿ ಗೆಜೆಟ್‌ನಲ್ಲಿ, ಅಂದರೆ ಸರ್ಕಾರದ ಅಧಿಕೃತ ಪತ್ರಿಕೆಯಲ್ಲಿ, ಅಚ್ಚಾಗುತ್ತದೆ.

ಈಗ ಆ ಗೆಜೆಟ್ ಪ್ರತಿಯ ಮೊದಲ ಪುಟ ನೋಡಿ. ಎಲ್ಲರೂ ದಾಟಿ ಹೋಗುವ ಸಾಲೊಂದು ಅಲ್ಲಿರುತ್ತದೆ. ಸಾಮಾನ್ಯವಾಗಿ ಕಲಂ 1, ಉಪಕಲಂ 2 ಅಥವಾ 3. "ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಇದು ಜಾರಿಗೆ ಬರತಕ್ಕದ್ದು." ಬೇರೆ ಬೇರೆ ಕಲಮುಗಳಿಗೆ ಬೇರೆ ಬೇರೆ ದಿನ ಇಡಬಹುದು ಅಂತಲೂ ಎಷ್ಟೋ ಕಾಯ್ದೆಗಳಲ್ಲಿ ಸೇರಿಸಿರುತ್ತಾರೆ. ದಿನದ ಬಗ್ಗೆ ಕಾಯ್ದೆ ಏನೂ ಹೇಳದಿದ್ದರೆ 1897ರ ಜನರಲ್ ಕ್ಲಾಸಸ್ ಕಾಯ್ದೆ ಪ್ರಕಾರ ಅಂಕಿತ ಬಿದ್ದ ದಿನವೇ ಜಾರಿ. ಆದರೆ ಇಂಥ ಸಾಲು ಇತ್ತೋ, ಇನ್ನೊಂದು ಅಧಿಸೂಚನೆ ಬರುವ ತನಕ ಆ ಕಾಯ್ದೆ ಬರೀ ಕಾಗದ.

ಹಳೆ ಭಾರತೀಯ ದಂಡ ಸಂಹಿತೆ (ಐಪಿಸಿ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನೇ ತಗೊಳ್ಳಿ. ಅಂಕಿತ ಬಿದ್ದದ್ದು 2023ರ ಡಿಸೆಂಬರ್ 25. ಜಾರಿಗೆ ಬಂದದ್ದು 2024ರ ಜುಲೈ 1. ನಡುವಿನ ಆರು ತಿಂಗಳು ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಪೊಲೀಸರು ಕಲಿಯಬೇಕು, ನಾವೂ ಕಲಿಯಬೇಕು. 420 ಅಂದರೆ ಮೋಸ ಅಂತ ಊರಿಗೆಲ್ಲ ಗೊತ್ತಿತ್ತು, ಈಗ ಅದು 318(4). ಇನ್ನೊಂದು ವಿಚಿತ್ರ ನೋಡಿ. ಅಪಘಾತದಲ್ಲಿ ಒಬ್ಬರ ಸಾವಿಗೆ ಕಾರಣರಾಗಿ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಜೈಲು ಅನ್ನುವ 106(2)ರ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈ 1ಕ್ಕೆ ಇಡೀ ಸಂಹಿತೆ ಜಾರಿಗೆ ಬಂತು, ಅದೊಂದು ಉಪಕಲಂ ಬಿಟ್ಟು. ಸಂಸತ್ತು ಅದನ್ನು ತೆಗೆದಿರಲಿಲ್ಲ. ಅಧಿಸೂಚನೆಯಲ್ಲಿ ಅದನ್ನು ಬಿಟ್ಟರು, ಅಷ್ಟೇ.

ಆ ಜುಲೈ ಮೊದಲ ವಾರ ಅಡಿಕೆ ಬೆಳೆಗಾರರೊಬ್ಬರು ಬಂದರು. ಮೇ ತಿಂಗಳಲ್ಲಿ ಯಾರೋ ಅಡಿಕೆ ಎತ್ತಿಕೊಂಡು ಹೋಗಿ ದುಡ್ಡು ಕೊಡದೆ ಕೈ ಎತ್ತಿದ್ದರು. ಎಫ್‌ಐಆರ್ ನೋಡಿದರೆ 318(4) ಹಾಕಿದ್ದಾರೆ. ಮೋಸ ಆದದ್ದು ಮೇನಲ್ಲಿ, ಆಗ ಆ ಕಲಂ ಹುಟ್ಟಿದ್ದರೂ ಕಣ್ಣು ಬಿಟ್ಟಿರಲಿಲ್ಲ. ಅಪರಾಧಕ್ಕೆ ಹಳೆ ಐಪಿಸಿಯ 420, ತನಿಖೆ ನಡೆಸುವ ಕ್ರಮಕ್ಕೆ ಮಾತ್ರ ಹೊಸ ಕಾನೂನು. ಅವರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಎರಡು ಟೀ ಮುಗಿದವು. "ಒಂದೇ ಮೋಸಕ್ಕೆ ಎರಡು ಕಾನೂನಾ ಸ್ವಾಮಿ?" ಅಂದರು.

ಕೆಲವು ಸಲ ಮುಹೂರ್ತವೂ ಆಗಿರುತ್ತದೆ, ಅಡುಗೆಯವರು ಬಂದಿರುವುದಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಗೆ ಅಂಕಿತ ಬಿದ್ದದ್ದು 2019ರ ಡಿಸೆಂಬರ್ 12, ಜಾರಿ ದಿನ 2020ರ ಜನವರಿ 10. ಆದರೆ ಅರ್ಜಿ ಯಾರಿಗೆ ಹಾಕಬೇಕು, ಯಾವ ದಾಖಲೆ ಬೇಕು ಅನ್ನುವ ನಿಯಮಗಳು ಬಂದದ್ದು 2024ರ ಮಾರ್ಚ್ 11ಕ್ಕೆ. ನಾಲ್ಕು ವರ್ಷ ಕಾಯ್ದೆ ಇತ್ತು, ಅರ್ಜಿ ಹಾಕುವ ದಾರಿ ಇರಲಿಲ್ಲ.

ನನ್ನ ತಕರಾರು ಇರುವುದು ಮುಹೂರ್ತವನ್ನೇ ಇಡದ ಕಾಯ್ದೆಗಳ ಬಗ್ಗೆ. 1995ರ ದೆಹಲಿ ಬಾಡಿಗೆ ಕಾಯ್ದೆ ಎರಡೂ ಸದನ ದಾಟಿತು, ಅಂಕಿತವೂ ಬಿತ್ತು. ವ್ಯಾಪಾರಿ ಬಾಡಿಗೆದಾರರು ಗಲಾಟೆ ಎಬ್ಬಿಸಿದರು. ಅಧಿಸೂಚನೆ ಬರಲೇ ಇಲ್ಲ. ಅದಕ್ಕಿಂತ ದೊಡ್ಡದು ಸಂವಿಧಾನದ 44ನೇ ತಿದ್ದುಪಡಿ. ತುರ್ತುಪರಿಸ್ಥಿತಿಯ ಕಹಿ ಉಂಡ ಸಂಸತ್ತು 1978ರಲ್ಲಿ ಅದನ್ನು ಪಾಸ್ ಮಾಡಿತು. ವಿಚಾರಣೆ ಇಲ್ಲದೆ, ಸಲಹಾ ಮಂಡಳಿಯ ಒಪ್ಪಿಗೆಯೂ ಇಲ್ಲದೆ ಒಬ್ಬರನ್ನು ಒಳಗಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಕಲಂ 3 ಅದರಲ್ಲಿತ್ತು. ಬೇರೆ ಕಲಮುಗಳಿಗೆಲ್ಲ ದಿನ ಸಿಕ್ಕಿತು, ಇದಕ್ಕೆ ಸಿಗಲಿಲ್ಲ. ವಿಚಾರಣೆ ಇಲ್ಲದೆ ಒಳಗಿಟ್ಟಿದ್ದ ಸಂಸದ ಎ.ಕೆ. ರಾಯ್ ಅವರ ಪ್ರಕರಣದಲ್ಲಿ ಇದು ಸುಪ್ರೀಂ ಕೋರ್ಟ್ ಮುಂದೆ ಬಂತು. ಜಾರಿ ಮಾಡಿ ಅಂತ ಸರ್ಕಾರಕ್ಕೆ ಆದೇಶ ಕೊಡಲು ಬರುವುದಿಲ್ಲ ಅಂತ ಕೋರ್ಟ್ 1981ರಲ್ಲಿ ಹೇಳಿತು. ಆಮೇಲೆ ಎಷ್ಟು ಪಕ್ಷಗಳ ಸರ್ಕಾರ ಬಂದು ಹೋದವು! ಆ ಒಂದು ಸಾಲಿನ ಅಧಿಸೂಚನೆಯನ್ನು ಯಾರೂ ಹೊರಡಿಸಲಿಲ್ಲ. ಸಂಸತ್ತು ಮಾಡಿದ್ದನ್ನು ಸಂಸತ್ತೇ ರದ್ದು ಮಾಡಬೇಕು ಅಂತ ನಾವು ಓದಿದ್ದು. ಆದರೆ ಇಲ್ಲಿ ರದ್ದು ಮಾಡುವ ಕಷ್ಟವೇ ಇಲ್ಲ ಅಲ್ವಾ? ಸುಮ್ನೆ ಕೂತರೆ ಸಾಕು.

ದಿನವನ್ನು ಕಾಯ್ದೆಯಲ್ಲೇ ಬರೆದರೆ ಈ ತಾಪತ್ರಯ ಇರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹಾಗೇ ಮಾಡಿದರು. ಕೆಲವು ಕಲಂ ತಕ್ಷಣ, ಉಳಿದದ್ದು 120ನೇ ದಿನ. 2005ರ ಅಕ್ಟೋಬರ್ 12ಕ್ಕೆ ತಾನಾಗಿ ಬಂತು. ಯಾರ ಮನಸ್ಸಿಗೂ ಕಾಯಬೇಕಾಗಲಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಟಿವಿ ನೋಡಬೇಡಿ, ಇ-ಗೆಜೆಟ್ ಜಾಲತಾಣದಲ್ಲಿ ಜಾರಿ ಅಧಿಸೂಚನೆ ಇದೆಯಾ ನೋಡಿ ಅನ್ನುತ್ತೇನೆ. ಅಕ್ಕನ ಮಗನಿಗೂ ಅದನ್ನೇ ಹೇಳಿದ್ದೆ. 2019 ಮತ್ತು 2020ರಲ್ಲಿ ಪಾಸ್ ಆಗಿದ್ದ ಆ ನಾಲ್ಕು ಲೇಬರ್ ಕೋಡ್‌ಗಳಿಗೆ ಕೊನೆಗೂ 2025ರ ನವೆಂಬರ್ 21ಕ್ಕೆ ದಿನ ಕೂಡಿ ಬಂತು. ಈ ಸಲ ನಾನೇ ಅವನಿಗೆ ಪಿಡಿಎಫ್ ಕಳಿಸಿದೆ.

"ಅಯ್ಯೋ ಮಾಮ, ನೀವೂ ಫಾರ್ವರ್ಡ್ ಶುರು ಮಾಡಿದ್ರಾ?" ಅಂತ ಉತ್ತರ ಬಂತು.