ಬೋಲ್ಟ್ ಕೂತ ಮಾತ್ರಕ್ಕೆ ಗೇರ್‌ಬಾಕ್ಸ್ ಕೂತಂತಲ್ಲ

ನನ್ನ ಹಳೇ ಟೊಯೊಟಾ ಕ್ರೆಸಿಡಾದ ಬಾನೆಟ್ ಕೆಳಗೆ ಈಗಿರುವುದು ಅದರ ಮೂಲ ಎಂಜಿನ್ ಅಲ್ಲ. 1ಯುಝಡ್-ಎಫ್‌ಇ, 4 ಲೀಟರಿನ ವಿ8. 1989ರಲ್ಲಿ ಲೆಕ್ಸಸ್ ಎಲ್‌ಎಸ್ 400 ಜೊತೆ ಬಂದ ಎಂಜಿನ್ ಇದು. ಎಂಜಿನ್ ಬದಲಿಸಿದಾಗ ಅದರ ಬೆನ್ನಿಗಿದ್ದ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೂ ಹಾಗೇ ಹಾಕಿದ್ದೆ. ಓಡುತ್ತಿತ್ತು, ದೂರು ಹೇಳುವಂಥದ್ದೇನೂ ಇರಲಿಲ್ಲ. ಆದರೆ ಇಷ್ಟು ನಯವಾಗಿ ತಿರುಗುವ ಎಂಜಿನ್ನನ್ನು ನನ್ನ ಕೈಯಿಂದ, ನನ್ನ ಕಾಲಿನಿಂದ ಓಡಿಸಬೇಕು ಅನ್ನುವ ಆಸೆ ಹೋಗಲೇ ಇಲ್ಲ.

ತೊಡಕು ಏನೆಂದರೆ, ಕಂಪನಿ ಈ ಎಂಜಿನ್ನನ್ನು ಯಾವ ಕಾರಿನಲ್ಲೂ ಮ್ಯಾನುಯಲ್ ಗೇರ್‌ಬಾಕ್ಸ್ ಜೊತೆ ಕೊಡಲಿಲ್ಲ. ಹಾಗಾಗಿ ಬಿಚ್ಚಿ ತಂದು ಹಾಕೋಣ ಅಂದರೆ ಮೂಲ ಸಾಮಾನೇ ಇಲ್ಲ. ಫ್ಲೈವೀಲ್ (ಎಂಜಿನ್ನಿನ ಹಿಂಬದಿಗೆ ಕೂರುವ ಭಾರದ ಚಕ್ರ), ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಕ್ಲಚ್, ಪೈಲಟ್ ಬೇರಿಂಗ್ ಎಲ್ಲವನ್ನೂ ಬೇರೆ ಬೇರೆ ಕಡೆಯಿಂದ ಕೂಡಿಸಬೇಕು. ನಾನು ಆರಿಸಿಕೊಂಡದ್ದು ಟೊಯೊಟಾದ್ದೇ ಆರ್154, ಹಳೇ ಟರ್ಬೊ ಸುಪ್ರಾದಲ್ಲಿದ್ದ 5 ಗೇರಿನ ಪೆಟ್ಟಿಗೆ. ಗಟ್ಟಿ ಸಾಮಾನು. ಈ ವಿ8 ಕೊಡುವ ಸುಮಾರು 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಅದಕ್ಕೆ ದೊಡ್ಡ ಭಾರವೇನಲ್ಲ. ಎರಡನ್ನೂ ಜೋಡಿಸುವ ಬೆಲ್ ಹೌಸಿಂಗ್ ಸಿದ್ಧವಾಗಿಯೇ ಸಿಗುತ್ತದೆ.

ಇಲ್ಲೇ ಜನ ಒಂದು ವಿಷಯ ಮರೆಯುತ್ತಾರೆ. ಹೌಸಿಂಗ್ ಎಂಜಿನ್ನಿಗೆ ಹತ್ತಿತು, ಬೋಲ್ಟೆಲ್ಲ ಸಲೀಸಾಗಿ ಹೋಯಿತು, ಗೇರ್‌ಬಾಕ್ಸ್ ಅದಕ್ಕೆ ಕೂತಿತು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅಂದು ಜೊತೆಗಿದ್ದ ಗೆಳೆಯ ಕೂಡ ಅದನ್ನೇ ಅಂದ: "ಬೋಲ್ಟ್ ಎಲ್ಲಾ ಹೋಯ್ತಲ್ಲೋ, ಇನ್ನೇನು ನೋಡ್ತೀಯಾ? ಹಾಕ್ಬಿಡು." ಬೋಲ್ಟಿನ ಕೆಲಸ ಬಿಗಿಯಾಗಿ ಹಿಡಿದುಕೊಳ್ಳುವುದು ಮಾತ್ರ. ಜಾಗ ತೋರಿಸುವುದು ಎರಡು ಡೋವೆಲ್ ಪಿನ್‌ಗಳು, ಅಂದರೆ ಬ್ಲಾಕಿಗೂ ಹೌಸಿಂಗಿಗೂ ನಡುವಿನ ಸಣ್ಣ ಗೂಟಗಳು. ಆ ಪಿನ್‌ಗಳ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಗೇರ್‌ಬಾಕ್ಸಿನ ನಡು ಕ್ರ್ಯಾಂಕ್‌ಶಾಫ್ಟಿನ, ಅಂದರೆ ಎಂಜಿನ್ ತಿರುಗಿಸುವ ಮುಖ್ಯ ದಂಡದ, ನಡುವಿಗೆ ಸೇರುವುದಿಲ್ಲ.

ಸೇರದಿದ್ದರೆ ಏನಾಗುತ್ತದೆ? ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಎರಡು ಆಸರೆ. ಹಿಂದೆ ಗೇರ್‌ಬಾಕ್ಸಿನ ಸ್ವಂತ ಬೇರಿಂಗ್, ಮುಂದೆ ಕ್ರ್ಯಾಂಕಿನ ತುದಿಯಲ್ಲಿರುವ ಪುಟ್ಟ ಪೈಲಟ್ ಬೇರಿಂಗ್. ಎರಡೂ ಒಂದೇ ಗೆರೆಯಲ್ಲಿ ಇರಬೇಕು. ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಶಾಫ್ಟ್ ಒಂದಿಷ್ಟು ಎಳೆದಾಡುತ್ತದೆ. ಕ್ಲಚ್ ಪ್ಲೇಟಿನ ಹಬ್ ಸವೆಯುತ್ತದೆ, ಮೊದಲ ಗೇರೂ ರಿವರ್ಸೂ ಹಟ ಮಾಡುತ್ತವೆ. ಇನ್‌ಪುಟ್ ಮತ್ತು ಔಟ್‌ಪುಟ್ ಶಾಫ್ಟುಗಳು ನೇರವಾಗಿ ಬೆಸೆದುಕೊಳ್ಳುವುದು ನಾಲ್ಕನೇ ಗೇರಿನಲ್ಲಿ. ಆ ಗೇರು ಓಡುತ್ತಾ ಓಡುತ್ತಾ ತಾನಾಗಿಯೇ ಕಳಚಿ ಬರುವುದೂ ಉಂಟು. ಇಂಥ ಹೊತ್ತಿನಲ್ಲಿ ಎಲ್ಲರೂ ಗೇರ್‌ಬಾಕ್ಸನ್ನೇ ದೂರುತ್ತಾರೆ. ಬಿಚ್ಚಿಸುತ್ತಾರೆ, ರಿಪೇರಿ ಮಾಡಿಸುತ್ತಾರೆ, ಮತ್ತೆ ಅದೇ ಹೌಸಿಂಗಿಗೆ ಹಾಕುತ್ತಾರೆ. ಪಾಪ, ಗೇರ್‌ಬಾಕ್ಸಿನ ತಪ್ಪು ಏನೂ ಇರುವುದಿಲ್ಲ.

ಅದಕ್ಕೇ ನಾನು ಹಾಕುವ ಮೊದಲು ಅಳೆದೆ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿದರೆ ಕ್ರ್ಯಾಂಕ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಫ್ಲೈವೀಲಿಗೆ ಆಯಸ್ಕಾಂತದ ಸ್ಟ್ಯಾಂಡ್ ಅಂಟಿಸಿ, ಕೂದಲೆಳೆಯಷ್ಟು ಅಂತರವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮೊನೆಯನ್ನು ಹೌಸಿಂಗಿನ ಹಿಂಬದಿಯ ದೊಡ್ಡ ತೂತಿನ ಒಳಗೋಡೆಗೆ ತಾಗಿಸಿದೆ. ಗೇರ್‌ಬಾಕ್ಸಿನ ಮೂತಿ ಬಂದು ಕೂರುವ ಜಾಗ ಅದು. ನಿಧಾನವಾಗಿ ಒಂದು ಸುತ್ತು. ಮುಳ್ಳು ಸೊನ್ನೆಯಿಂದ ಹೊರಟು ಏರಿತು, ನಿಂತಿತು, ಇಳಿದು ಮತ್ತೆ ಸೊನ್ನೆಗೆ ಬಂತು. ಅತಿ ಹೆಚ್ಚು ತೋರಿಸಿದ್ದು 0.34 ಮಿಲಿಮೀಟರ್. ಸಾಮಾನ್ಯವಾಗಿ ಒಪ್ಪುವ ಮಿತಿ ಇಂಚಿನ ಸಾವಿರದಲ್ಲಿ 5 ಪಾಲು, ಅಂದರೆ ಸುಮಾರು 0.13 ಮಿಲಿಮೀಟರ್. ಬೋಲ್ಟೆಲ್ಲ ಸಲೀಸಾಗಿ ಹೋದ ಹೌಸಿಂಗೇ ಇದು, ನೆನಪಿರಲಿ.

ಗೇಜ್ ತೋರಿಸುವುದು ನಿಜವಾದ ತಪ್ಪಿನ ಎರಡರಷ್ಟು. ಒಂದು ಕಡೆ ಎಷ್ಟು ಹತ್ತಿರವೋ ಇನ್ನೊಂದು ಕಡೆ ಅಷ್ಟೇ ದೂರ ಅಲ್ವಾ, ಅದಕ್ಕೆ. ಹಾಗಾಗಿ ನಡು ಜರುಗಿದ್ದು 0.17 ಮಿಲಿಮೀಟರ್. ಇದಕ್ಕೆ ಮದ್ದು ಆಫ್‌ಸೆಟ್ ಡೋವೆಲ್ ಪಿನ್. ಪಿನ್ನಿನ ಅರ್ಧ ಭಾಗ ಎಂಜಿನ್ ಬ್ಲಾಕಿನ ತೂತಿಗೆ, ಇನ್ನರ್ಧ ಸ್ವಲ್ಪ ಪಕ್ಕಕ್ಕೆ ಜರುಗಿ ಹೌಸಿಂಗಿನ ತೂತಿಗೆ. ಕೆಲವು ಎಂಜಿನ್‌ಗಳಿಗೆ ಇವು ಸಿದ್ಧವಾಗಿ ಸಿಗುತ್ತವೆ. ನಾನು ಲೇತ್‌ನಲ್ಲಿ ಮಾಡಿಸಿದೆ. ಟರ್ನರ್ ಅಳತೆ ಬರೆದ ಚೀಟಿಯನ್ನು ಎರಡು ಸಲ ಓದಿ ಕೇಳಿದರು: "ಸೆಂಟರ್ ಸರಿ ಮಾಡಿಕೊಡಿ ಅಂತ ಎಲ್ಲರೂ ಬರ್ತಾರೆ ಸಾರ್, ನೀವು ಸೆಂಟರ್ ತಪ್ಪಿಸಿ ಕೊಡಿ ಅಂತೀರಲ್ಲ?" ಕಾರಣ ಹೇಳಿದ ಮೇಲೆ ಅವರಿಗೂ ಹುರುಪು ಬಂತು. ನಾಲ್ಕು ದವಡೆಯ ಚಕ್‌ನಲ್ಲಿ ಕಡ್ಡಿಯನ್ನು 0.18 ಜರುಗಿಸಿ ಹಿಡಿದು ಕಡೆದುಕೊಟ್ಟರು. ತುದಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವಷ್ಟು ಒಂದು ಕಚ್ಚನ್ನೂ ಹಾಕಿದರು. ಅದು ಬಹಳ ಉಪಯೋಗಕ್ಕೆ ಬಂತು. ಯಾಕಂದರೆ ಎರಡೂ ಪಿನ್ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಕಚ್ಚಿಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿ, ಬೋಲ್ಟ್ ಬಿಗಿದು, ಮತ್ತೆ ಗೇಜ್ ಇಟ್ಟು ನೋಡಿದೆ. 0.05. ಆಮೇಲೆ ಮೊನೆಯನ್ನು ಹೌಸಿಂಗಿನ ಹಿಂಬದಿಯ ಮುಖಕ್ಕೂ ತಾಗಿಸಿ ಒಂದು ಸುತ್ತು ನೋಡಿದೆ. ಮುಖ ಓರೆಯಾಗಿರಲಿಲ್ಲ.

ಇನ್ನು ಫ್ಲೈವೀಲ್. ಆಟೊಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಇರುವುದು ತೆಳ್ಳನೆಯ ಫ್ಲೆಕ್ಸ್ ಪ್ಲೇಟ್. ತೂಕವೆಲ್ಲ ಕ್ಲಚ್ಚಿನ ಬದಲಿಗೆ ಇರುವ, ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರಿನದು. ಫ್ಲೈವೀಲ್ ದಪ್ಪ, ಅದಕ್ಕೆ ಬೋಲ್ಟ್ ಕೂಡ ಉದ್ದ ಬೇಕು. ಹಳೇ ಬೋಲ್ಟ್ ಕಚ್ಚಿಕೊಂಡ ಹಾಗೆ ಕಂಡರೂ ಬೇಕಾದಷ್ಟು ಎಳೆ ಹಿಡಿದಿರುವುದಿಲ್ಲ. ಇನ್ನೊಂದು ಮುಖ್ಯ ಮಾತು ರಿಂಗ್ ಗೇರಿನದು, ಅಂದರೆ ಸ್ಟಾರ್ಟರ್ ಕಚ್ಚಿ ತಿರುಗಿಸುವ, ಫ್ಲೈವೀಲಿನ ಅಂಚಿನ ಹಲ್ಲಿನ ಬಳೆಯದು. ಈ ಎಂಜಿನ್ನಿನ ಸ್ಟಾರ್ಟರ್ ಮೋಟರ್ ಇರುವುದು ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ. ಅದನ್ನು ಮುಟ್ಟಬೇಕಾದರೆ ಮೇಲಿನದ್ದೆಲ್ಲ ಬಿಚ್ಚಬೇಕು. ಹೊಸ ಫ್ಲೈವೀಲಿನ ಹಲ್ಲುಗಳ ಲೆಕ್ಕ, ಅವು ಕೂರುವ ಆಳ ಎರಡೂ ಹಳೆಯದಕ್ಕೆ ಸರಿಹೊಂದುತ್ತವೆಯಾ ಅಂತ ಮೇಜಿನ ಮೇಲೇ ನೋಡಿಬಿಡಬೇಕು. ಇಲ್ಲದಿದ್ದರೆ ಕಾರು ಸೇರಿದ ಮೇಲೆ ಕೀಲಿ ತಿರುಗಿಸಿದಾಗ ಕರಕರ ಅನ್ನುವ ಸದ್ದು ಕೇಳಬೇಕಾಗುತ್ತದೆ.

ಪೈಲಟ್ ಬೇರಿಂಗಿನದೂ ಹೀಗೇ. ಆಟೊಮ್ಯಾಟಿಕ್‌ಗೆ ಅಂತ ಮಾಡಿದ ಕ್ರ್ಯಾಂಕಿನ ತುದಿಯಲ್ಲಿ ಕನ್ವರ್ಟರಿನ ಮೂಗು ಕೂರುವ ದೊಡ್ಡ ಗುಳಿ ಇರುತ್ತದೆ. ಬೇರಿಂಗ್ ಅದಕ್ಕಿಂತ ಚಿಕ್ಕದು. ನಡುವೆ ಒಂದು ಬಳೆ ಬೇಕು, ಆ ಬಳೆಯೂ ಸರಿಯಾಗಿ ನಡುವಲ್ಲೇ ಇರಬೇಕು. ಇನ್‌ಪುಟ್ ಶಾಫ್ಟಿನ ಉದ್ದವನ್ನೂ ಡೆಪ್ತ್ ಗೇಜಿನಲ್ಲಿ ಅಳೆದು ನೋಡಿದೆ. ಶಾಫ್ಟಿನ ತುದಿ ಬೇರಿಂಗನ್ನು ಪೂರ್ತಿ ಹಿಡಿಯಬೇಕು, ಆದರೆ ಗುಳಿಯ ತಳಕ್ಕೆ ತಾಗಬಾರದು. ತಾಗಿದರೆ ಕ್ರ್ಯಾಂಕನ್ನೇ ಮುಂದಕ್ಕೆ ಒತ್ತಿ, ಅದು ಹಿಂದೆ ಮುಂದೆ ಜರುಗದಂತೆ ತಡೆಯುವ ಥ್ರಸ್ಟ್ ಬೇರಿಂಗನ್ನು ತಿಂದುಬಿಡುತ್ತದೆ. ಬೋಲ್ಟ್ ಬಿಗಿದು ಗೇರ್‌ಬಾಕ್ಸನ್ನು ಎಂಜಿನ್ನಿಗೆ ಎಳೆದುಕೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಕಿವುಚುತ್ತದೆ. ಅದು ಕೈಯಿಂದ ನೂಕಿದರೇ ಪೂರ್ತಿ ಹೋಗಿ ಕೂರಬೇಕು. ಕೂರದಿದ್ದರೆ ಎಲ್ಲೋ ಏನೋ ತಡೆಯುತ್ತಿದೆ ಅಂತ ಅರ್ಥ. ಆಗ ಸ್ಪ್ಯಾನರ್ ಕೆಳಗಿಡಬೇಕು.

ಕ್ಲಚ್ ಕೊಳ್ಳುವಾಗ ಒಂದು ಎಚ್ಚರ. ಆರ್154ರಲ್ಲಿ ರಿಲೀಸ್ ಬೇರಿಂಗನ್ನು ಒತ್ತಿ ಕ್ಲಚ್ ಬಿಡಿಸುವ ಬಗೆ, ಎಳೆದು ಬಿಡಿಸುವ ಬಗೆ ಎರಡೂ ಬಂದಿವೆ. ಫೋರ್ಕ್, ರಿಲೀಸ್ ಬೇರಿಂಗ್, ಪ್ರೆಷರ್ ಪ್ಲೇಟ್ ಮೂರೂ ಒಂದೇ ಬಗೆಯವು ಆಗಿರಬೇಕು. ಪೆಡಲಿನ ಲೆಕ್ಕ ಸುಲಭ. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 15.87 ಮಿಲಿಮೀಟರ್, ಎಣ್ಣೆಯ ಒತ್ತಡದಿಂದ ಕ್ಲಚ್ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರಿನದು 20.64. ಮಾಸ್ಟರ್ 30 ಮಿಲಿಮೀಟರ್ ಒತ್ತಿದರೆ ಸ್ಲೇವ್ ಸುಮಾರು 17.7 ಚಲಿಸುತ್ತದೆ. ಕ್ಲಚ್ ಬಿಡಿಸಲು ಅಷ್ಟು ಸಾಕು, ಕಾಲಿಗೂ ಭಾರ ಆಗುವುದಿಲ್ಲ. ಪೆಡಲ್ ಕೂರುವ ಕಡೆ ಫೈರ್‌ವಾಲಿನ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ತಗಡಿಗೆ ಹಿಂದಿನಿಂದ ಒಂದು ದಪ್ಪ ಪಟ್ಟಿ ಕೊಟ್ಟೆ. ತಗಡು ಬಾಗಿದರೆ ಒತ್ತಿದ ಒತ್ತೆಲ್ಲ ಅಲ್ಲೇ ಮುಗಿದುಹೋಗುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಗೇರ್‌ಬಾಕ್ಸನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್, ಹೊಸದು; ಪ್ರೊಪೆಲ್ಲರ್ ಶಾಫ್ಟ್ ಹೊಸ ಅಳತೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದ್ದು. ಗೇರ್‌ಬಾಕ್ಸಿನ ಬಾಲ ಮತ್ತು ಡಿಫರೆನ್ಷಿಯಲಿನ ಮೂತಿ ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು, ಅದಕ್ಕಾಗಿ ಮೌಂಟಿನ ಕೆಳಗೆ ಒಂದು ತೆಳು ಪಟ್ಟಿ ಇಟ್ಟೆ. ಗೇರ್‌ಬಾಕ್ಸಿನ ಎಣ್ಣೆ ಜಿಎಲ್-4 ದರ್ಜೆಯದು, 75ಡಬ್ಲ್ಯು-90 ದಪ್ಪದ್ದು. ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳು ಹಿಡಿದು ಕೆಲಸ ಮಾಡಬೇಕಾದವು, ಅವಕ್ಕೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ವೈರಿಂಗಿನಲ್ಲಿ ಸಣ್ಣದೊಂದು ಕೆಲಸ: ಗೇರು ಪಾರ್ಕಿನಲ್ಲೋ ನ್ಯೂಟ್ರಲ್‌ನಲ್ಲೋ ಇದ್ದರೆ ಮಾತ್ರ ಸ್ಟಾರ್ಟ್ ಆಗಲು ಬಿಡುವ ಹಳೇ ಸ್ವಿಚ್ಚಿನ ತಂತಿಯನ್ನು ಸುಮ್ನೆ ಕೂಡಿಸಿಬಿಡುವುದು ಬೇಡ. ಕ್ಲಚ್ ಪೆಡಲಿನ ಸ್ವಿಚ್ಚಿಗೆ ಕೊಡಿ. ಗೇರಿನಲ್ಲಿ ನಿಂತ ಕಾರಿಗೆ ಯಾರಾದರೂ ಹೊರಗಿನಿಂದ ಕೈ ಹಾಕಿ ಕೀಲಿ ತಿರುಗಿಸಿದರೆ ಅದು ಜಿಗಿಯಬಾರದು.

ಕಾರು ಕೆಳಗಿಳಿಸಿದ ಮೇಲೆ ನಾನು ಮೊದಲು ಮಾಡಿದ್ದು ಓಡಿಸುವುದಲ್ಲ, ಕೇಳುವುದು. ಎಂಜಿನ್ ಐಡಲ್‌ನಲ್ಲಿ ಬಿಟ್ಟು ಪೆಡಲಿನ ಮೇಲೆ ಪಾದವನ್ನು ಹಗುರವಾಗಿ ಇಟ್ಟೆ. ಅಷ್ಟಕ್ಕೇ ಸದ್ದು ಶುರುವಾದರೆ ರಿಲೀಸ್ ಬೇರಿಂಗಿನ ಮೇಲೆ ಸಂಶಯ. ಪೆಡಲ್ ಪೂರ್ತಿ ಒತ್ತಿ ಗೇರಿಗೆ ಹಾಕಿದ ಮೇಲೆ ಊಳಿಟ್ಟರೆ ಪೈಲಟ್ ಬೇರಿಂಗಿನ ಮೇಲೆ. ಯಾಕಂದರೆ ಆಗ ಕ್ರ್ಯಾಂಕ್ ತಿರುಗುತ್ತಿರುತ್ತದೆ, ಶಾಫ್ಟ್ ನಿಂತಿರುತ್ತದೆ. ಕ್ಲಚ್ ಹಿಡಿದು ಓಡುವಾಗ ಎರಡೂ ಒಟ್ಟಿಗೆ ತಿರುಗುತ್ತವೆ, ಆ ಬೇರಿಂಗಿಗೆ ಕೆಲಸವೇ ಇರುವುದಿಲ್ಲ. ಎರಡು ಕಡೆಯೂ ಸದ್ದಿಲ್ಲ. ಮೊದಲನೇ ಗೇರು ಎರಡು ಬೆರಳಲ್ಲಿ ಹೋಯಿತು, ರಿವರ್ಸ್ ಕೂಡ ಹಲ್ಲು ಕಡಿಯದೆ ಹೋಯಿತು.

ಈಗ ಹೊಸ ಕ್ಲಚ್ ಪ್ಲೇಟ್ ಪಳಗಬೇಕು. ಸುಮಾರು 800 ಕಿಲೋಮೀಟರ್ ನಿಂತು ಹೊರಡುವ ಓಡಾಟವೇ ಜಾಸ್ತಿ ಇರಲಿ, ಜೋರಾಗಿ ಎಳೆಯುವುದು ಬೇಡ ಅಂತ ಇಟ್ಟುಕೊಂಡಿದ್ದೇನೆ. ಅದು ಮುಗಿದ ಮೇಲೆ ಕ್ರಾಸ್ ಮೆಂಬರಿನ ಬೋಲ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ, ಎಣ್ಣೆ ಇಳಿಸಿ, ಅದರಲ್ಲಿ ಹಿತ್ತಾಳೆಯ ಪುಡಿ ಎಷ್ಟಿದೆ ಅಂತ ಪರೀಕ್ಷಿಸುತ್ತೇನೆ. ಸ್ಪೀಡೊಮೀಟರ್ ಇನ್ನೂ ತಪ್ಪು ತೋರಿಸುತ್ತಿದೆ. ಹೊಸ ಗೇರ್‌ಬಾಕ್ಸಿನ ಸೆನ್ಸರ್ ಕೊಡುವ ಮಿಡಿತಗಳ ಲೆಕ್ಕ ಬೇರೆ. ಮುಂದಿನ ಕೆಲಸ ಅದೇ.