ಬೊಟ್ಟುರಾ ರಿಸೊಟ್ಟೊ, ಹುಬ್ಬಳ್ಳಿ ಒಲೆ ಮೇಲೆ

ಇಟಲಿಯ ಮೊಡೆನಾ ಊರಿನ ಬಾಣಸಿಗ ಮಾಸ್ಸಿಮೊ ಬೊಟ್ಟುರಾ ಅಂದಕೂಡಲೇ ಜನ ನೊರೆ, ಪುಟ್ಟ ತಟ್ಟೆ, ದೊಡ್ಡ ಬಿಲ್ಲು ಅಂತಾರೆ. ಅದು ಅರ್ಧ ಮಾತು. ಅವರ ನಿಜವಾದ ಬಲ ಒಂದೇ ಪದಾರ್ಥವನ್ನು ಬಿಡದೆ ಅರಿತದ್ದು. 1995ರಲ್ಲಿ ಒಸ್ಟೆರಿಯಾ ಫ್ರಾಂಚೆಸ್ಕಾನಾ ಅನ್ನೋ ತಮ್ಮ ರೆಸ್ಟೋರೆಂಟ್ ತೆರೆದಾಗ ಊರಿನವರಿಗೇ ಅವರ ಅಡುಗೆ ಹಿಡಿಸಲಿಲ್ಲ. ಅಜ್ಜಿಯ ತೊರ್ತೆಲ್ಲಿನಿಯನ್ನು (ಹೂರಣ ತುಂಬಿದ ಪುಟ್ಟ ಪಾಸ್ತಾ) ಎಣಿಸಿ ಬಡಿಸುವುದೆಂದರೆ ನಮ್ಮಲ್ಲಿ ಹಬ್ಬದ ದಿನ ಹೋಳಿಗೆಯನ್ನು ಚೂರು ಮಾಡಿ ಬಡಿಸಿದ ಹಾಗೆ. 2002ರಲ್ಲಿ ರೆಸ್ಟೋರೆಂಟುಗಳಿಗೆ ಕೊಡುವ ದೊಡ್ಡ ಗೌರವವಾದ ಮಿಶೆಲಿನ್ ನಕ್ಷತ್ರ ಮೊದಲ ಸಲ ಬಂತು, 2016 ಮತ್ತು 2018ರಲ್ಲಿ ಜಗತ್ತಿನ 50 ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲ ಸ್ಥಾನ.

ಪಾರ್ಮಿಜಾನೊ ಎಂಬ ಇಟಲಿಯ ಗಟ್ಟಿ ಚೀಸನ್ನು 24, 30, 36, 40, 50 ತಿಂಗಳ ಐದು ವಯಸ್ಸಿನಲ್ಲಿ ತಗೊಂಡು ಅವರು ಒಂದೇ ತಟ್ಟೆ ಕಟ್ಟಿದರು. ಎಳೆಯದು ಸೂಫ್ಲೆ (ಉಬ್ಬಿದ ಹಗುರ ತಿನಿಸು), ಹಳೆಯದು ಗಾಳಿಯಂಥ ನೊರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಕಾಚೊ ಎ ಪೆಪೆ ರಿಸೊಟ್ಟೊ, ಅಂದರೆ ಚೀಸು, ಕಾಳುಮೆಣಸಿನ, ಸಾರಿನಲ್ಲಿ ಬೆಂದ ಮೆತ್ತನೆಯ ಅನ್ನ. 2012ರ ಮೇ ತಿಂಗಳಲ್ಲಿ ಮೊಡೆನಾ ಇರುವ ಎಮಿಲಿಯಾ ಸೀಮೆಯಲ್ಲಿ ಭೂಕಂಪವಾಗಿ, ಒಂದೊಂದೂ ಸುಮಾರು 40 ಕಿಲೊ ತೂಗುವ ಚೀಸ್ ಚಕ್ರಗಳು ಕಪಾಟಿನಿಂದ ಉರುಳಿಬಿದ್ದವು. ಬಿರುಕುಬಿಟ್ಟ ಚೀಸ್ ಖರ್ಚಾಗಬೇಕಿತ್ತು. ಕಾಚೊ ಎ ಪೆಪೆ ಅನ್ನೋ ರೋಮಿನ ಪಾಸ್ತಾವನ್ನು ಅವರು ಅಕ್ಕಿಗೆ ಒಗ್ಗಿಸಿದರು. ಬೆಣ್ಣೆ ಇಲ್ಲ, ಮಾಂಸದ ಸಾರಿಲ್ಲ.

ಮನೆಯಲ್ಲಿ ಇಬ್ಬರಿಗೆ ಹೀಗೆ ಮಾಡಬಹುದು. 200 ಗ್ರಾಂ ಚೀಸ್ ತುರಿದು ಒಂದು ಲೀಟರ್ ತಣ್ಣೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಕಲಕುತ್ತಾ 80 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವುದೇ ಗುರುತು. ತಳದಲ್ಲಿ ಎಳೆ ಎಳೆಯಾಗಿ ಅಂಟತೊಡಗಿದಾಗ ಇಳಿಸಿ. ಕುದಿಸಿದರೆ ಕೊಬ್ಬು ನೀರಲ್ಲಿ ಒಡೆದು ಬೆರೆತು ಸಾರು ಕದಡುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಟ್ಟೆಯ ಮೇಲಿಟ್ಟರೆ ಹುಳಿಯೇ ಗತಿ. ಬೆಳಿಗ್ಗೆ ಮೂರು ಪದರ ಇರುತ್ತವೆ: ಮೇಲೆ ಕೆನೆ, ನಡುವೆ ಸಾರು, ತಳದಲ್ಲಿ ಗಟ್ಟಿ ಮುದ್ದೆ.

ಚೀಸ್ ಸ್ಲೈಸು, ಚೀಸ್ ಕ್ಯೂಬು ನಡೆಯುವುದಿಲ್ಲ. ಅದರಲ್ಲಿ ಕೊಬ್ಬು, ನೀರನ್ನು ಬೆಸೆದಿಡುವ ಎಮಲ್ಸಿಫೈಯರ್ ಇರುವುದರಿಂದ ಪದರ ಬೇರೆಯಾಗುವುದೇ ಇಲ್ಲ. ಇನ್ನೊಂದು ಮಾತು, ಧಾರವಾಡದ ಸಸ್ಯಾಹಾರಿ ಮನೆಗಳಿಗೆ ಬೇಕಾದದ್ದು: ಅಸಲಿ ಪಾರ್ಮಿಜಾನೊವನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪು ಹಾಕುತ್ತಾರೆ. ಲೇಬಲ್ ಮೇಲೆ ಮೈಕ್ರೋಬಿಯಲ್ ರೆನೆಟ್ (ಸೂಕ್ಷ್ಮಜೀವಿಗಳಿಂದ ತಯಾರಾದ ಹೆಪ್ಪು) ಅಂತ ಇರುವ, ಚೆನ್ನಾಗಿ ಹಳೆಯದಾದ ಗಟ್ಟಿ ಚೀಸ್ ತಗೊಳ್ಳಿ.

ಬೊಟ್ಟುರಾ ಬಳಸುವುದು ವಿಯಾಲೋನೆ ನಾನೊ ಎಂಬ ಇಟಲಿಯ ಅಕ್ಕಿ. ನಮ್ಮಲ್ಲಿ ರಿಸೊಟ್ಟೊಗೆ ಬಳಸುವ ಇನ್ನೊಂದು ಅಕ್ಕಿ, ಅರ್ಬೋರಿಯೊ, ಸಿಗುತ್ತದೆ. 150 ಗ್ರಾಂ ಸಾಕು. ತೊಳೆಯಬೇಡಿ, ಗಂಜಿಯೇ ಇಲ್ಲಿ ಬಂಧ. ಬರೀ ಅಕ್ಕಿ ಬಿಸಿಯಾಗುವವರೆಗೆ ಹುರಿದು, ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತಾ 16-18 ನಿಮಿಷ ಬೇಯಿಸಿ. ಜೋಳದ ರೊಟ್ಟಿ ಹಿಟ್ಟಿಗೆ ಎಸರು ಕುದಿಯುತ್ತಿರಬೇಕು ಅಂತಾರಲ್ಲ, ಹಾಗೆಯೇ ಇಲ್ಲೂ. ತಣ್ಣನೆಯ ಸಾರು ಹಾಕಿದರೆ ಬೇಯುವುದು ನಿಂತು, ಕಾಳಿನ ಹೊರಮೈ ಮೆತ್ತಗಾಗಿ ನಡುವೆ ಹಸಿ ಉಳಿಯುತ್ತದೆ. ಉಪ್ಪು ಬೇಡ, ಚೀಸಿನದೇ ಸಾಕಷ್ಟಾಗುತ್ತದೆ. ಇಳಿಸಿ ಒಂದು ನಿಮಿಷ ಬಿಟ್ಟು ಮೇಲಿನ ಕೆನೆ ಹಾಕಿ ಜೋರಾಗಿ ಕಲಸಿ. ತಟ್ಟೆ ಅಲುಗಿಸಿದರೆ ಅನ್ನ ಹರಿಯಬೇಕು. ಗುಡ್ಡೆಯಾಗಿ ನಿಂತರೆ ಇನ್ನೊಂದು ಸೌಟು ಸಾರು ಬೇಕು. ಶಿರಸಿ ಕಡೆಯ ಕಾಳುಮೆಣಸನ್ನು ಘಮ ಬರುವವರೆಗೆ ಹುರಿದು, ತರಿತರಿಯಾಗಿ ಕುಟ್ಟಿ ಮೇಲೆ ಉದುರಿಸಿ. ಮೊದಲೇ ಹಾಕಿ ಬೇಯಿಸಿದರೆ ಘಮ ಹಾರಿ ಬರೀ ಖಾರ ಉಳಿಯುತ್ತದೆ.

ತಳದ ಮುದ್ದೆಯನ್ನು ಚೆಲ್ಲಬೇಡಿ. ಬೇಕಿಂಗ್ ಕಾಗದದ ಮೇಲೆ ಹಪ್ಪಳದಷ್ಟು ತೆಳ್ಳಗೆ ಹರಡಿ, ಓವನ್‌ನಲ್ಲಿ ಕೆಂಪಗಾಗುವವರೆಗೆ ಒಣಗಿಸಿ, ಮುರಿದು ರಿಸೊಟ್ಟೊ ಪಕ್ಕ ಇಡಿ.