ನಾಲ್ಕು ಕುರ್ಚಿ, ಒಂದಿಷ್ಟು ಚೀಟಿ: ಸಂಕೀರ್ಣತೆಯ ಪಾಠ

ವ್ಯವಸ್ಥಾ ವಿಜ್ಞಾನದ ಹೆಸರಿನಲ್ಲಿ ಪಠ್ಯಕ್ರಮಕ್ಕೆ ಇನ್ನೊಂದು ವಿಷಯ ಸೇರಿಸಿ, ಫೀಡ್‌ಬ್ಯಾಕ್‌ನ (ಮಾಡಿದ್ದರ ಪರಿಣಾಮ ಮಾಡಿದವರಿಗೇ ಮರಳುವುದರ) ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ಸಂಕೀರ್ಣತೆ ಅರ್ಥವಾಗುವುದಿಲ್ಲ. ತಾನು ಮಾಡಿದ ನಿರ್ಧಾರ ನಾಲ್ಕು ವಾರ ಬಿಟ್ಟು ತನಗೇ ತಿರುಗಿ ಬಡಿಯುವುದನ್ನು ವಿದ್ಯಾರ್ಥಿ ಕಣ್ಣಾರೆ ನೋಡಬೇಕು. ಅದಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಪ್ರಾಧ್ಯಾಪಕ ಜೇ ಫಾರೆಸ್ಟರ್ ಬಳಗ ರೂಪಿಸಿದ, ಬಿಯರ್ ಪೂರೈಕೆಯ ಸರಪಳಿಯನ್ನು ಆಡಿ ತೋರಿಸುವ ಬಿಯರ್ ಗೇಮ್ ಇಂದಿಗೂ ಅತ್ಯುತ್ತಮ ಸಾಧನ.

ನಾಲ್ವರು ಸಾಲಾಗಿ ಕೂರುತ್ತಾರೆ: ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ತಲಾ 12 ಪೆಟ್ಟಿಗೆ ದಾಸ್ತಾನು. ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ದಾಟಿಸಬೇಕು. ಚೀಟಿ ಹೋಗಿ ಮಾಲು ಬರಲು ಸುಮಾರು ನಾಲ್ಕು ವಾರ. ಉಳಿದ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್ ಖರ್ಚು, ಕೊಡಲಾಗದೆ ಬಾಕಿಯಾದದ್ದಕ್ಕೆ ಒಂದು ಡಾಲರ್. ಆಟ 50 ವಾರ ಎಂದು ಹೇಳಿ 36ರ ಸುಮಾರಿಗೆ ನಿಲ್ಲಿಸಿ. ಕೊನೆ ಗೊತ್ತಿದ್ದರೆ ಎಲ್ಲರೂ ದಾಸ್ತಾನು ಖಾಲಿ ಮಾಡತೊಡಗುತ್ತಾರೆ.

ಗ್ರಾಹಕರ ಬೇಡಿಕೆ ಮೊದಲ ನಾಲ್ಕು ವಾರ 4 ಪೆಟ್ಟಿಗೆ, ಐದನೇ ವಾರದಿಂದ 8. ಆಮೇಲೆ ಬದಲಾಗುವುದೇ ಇಲ್ಲ. ಅಷ್ಟಕ್ಕೇ ಇಡೀ ಸರಪಳಿ ಅಲ್ಲಾಡುತ್ತದೆ. ದಾಸ್ತಾನು ಇಳಿಯಿತೆಂದು ಹೆಚ್ಚು ಆರ್ಡರ್ ಹಾಕುತ್ತಾರೆ, ಮಾಲು ಬರಲಿಲ್ಲವೆಂದು ಮತ್ತೆ ಹಾಕುತ್ತಾರೆ, ಕೊನೆಗೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಆಗಲೇ ಆರ್ಡರ್ ಮಾಡಿ ದಾರಿಯಲ್ಲಿರುವ ಮಾಲನ್ನು ಜನ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಎಂಐಟಿಯ ಸಂಶೋಧಕ ಜಾನ್ ಸ್ಟರ್ಮನ್ 1989ರಲ್ಲಿ ತೋರಿಸಿದರು.

ನಿಜವಾದ ಪಾಠ ಆಟ ನಿಂತ ಮೇಲಿನದು. ಚಿಲ್ಲರೆ ವ್ಯಾಪಾರಿಯನ್ನು ಬಿಟ್ಟು ಉಳಿದವರಿಂದ ಗ್ರಾಹಕರ ಬೇಡಿಕೆಯ ಗ್ರಾಫ್ ಬರೆಸಿ. ಸಾಮಾನ್ಯವಾಗಿ ದೊಡ್ಡ ಏರಿಳಿತವನ್ನೇ ಬರೆಯುತ್ತಾರೆ. ಬೋರ್ಡಿನ ಮೇಲೆ ಒಂದೇ ಮೆಟ್ಟಿಲಿನ ಗೆರೆ ಎಳೆದಾಗ, ಆ ಅಲೆ ತಾವೇ ಎಬ್ಬಿಸಿದ್ದೆಂದು ತಿಳಿಯುತ್ತದೆ. ಸಮಯ ಸಾಲದೆಂದು ಈ ಚರ್ಚೆಯನ್ನು ಕತ್ತರಿಸಿದರೆ ಅವರು ಪಕ್ಕದವನನ್ನು ದೂರುತ್ತಲೇ ಎದ್ದು ಹೋಗುತ್ತಾರೆ.

ಇಂಥ ವ್ಯವಸ್ಥೆಯ ಲೆಕ್ಕದ ಮಾದರಿ ಕಟ್ಟುವುದು ಆಮೇಲೆ. ಯಾವುದು ಯಾವುದಕ್ಕೆ ಕಾರಣ ಎಂದು ತೋರಿಸುವ ನಲವತ್ತು ಬಾಣಗಳ ಚಿತ್ರವನ್ನು ಮೊದಲ ದಿನವೇ ಬರೆಸಬೇಡಿ. ನೋಡಲು ಚೆಂದ, ಪರೀಕ್ಷಿಸಲು ಬರುವುದಿಲ್ಲ. ಒಂದೇ ದಾಸ್ತಾನು, ಒಂದು ಒಳಹರಿವು, ಒಂದು ಹೊರಹರಿವು ಸಾಕು. ದಾಸ್ತಾನಿನ ಅಳತೆಯ ಮಾನ ಪೆಟ್ಟಿಗೆ, ಹರಿವಿನದು ವಾರಕ್ಕೆ ಇಷ್ಟು ಪೆಟ್ಟಿಗೆ. ಈ ಮಾನಗಳನ್ನು ಬರೆಸಿದರೇ ಅರ್ಧ ತಪ್ಪು ಸಿಕ್ಕಿಬೀಳುತ್ತದೆ. ಒಳಹರಿವು ಇಳಿಯುತ್ತಿದ್ದರೂ ಹೊರಹರಿವಿಗಿಂತ ಹೆಚ್ಚಿರುವವರೆಗೆ ದಾಸ್ತಾನಿನ ಮಟ್ಟ ಏರುತ್ತಲೇ ಇರುತ್ತದೆ. ಇದರಲ್ಲಿ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳೂ ಎಡವಿದ್ದಾರೆ. ಇಂಗಾಲದ ಹೊರಸೂಸುವಿಕೆ ಸ್ಥಿರವಾದರೆ ವಾತಾವರಣದ ಇಂಗಾಲವೂ ಅಲ್ಲಿಗೇ ನಿಲ್ಲುತ್ತದೆ ಎಂಬ ತಪ್ಪು ನಂಬಿಕೆ ಹುಟ್ಟುವುದೂ ಇಲ್ಲಿಂದಲೇ.

ಇದನ್ನು ಒಂದೇ ವಿಭಾಗಕ್ಕೆ ಬಿಡಬಾರದು. ಅಂತರ್ಜಲದಂಥ ಒಂದು ಸಮಸ್ಯೆಗೆ ಭೂವಿಜ್ಞಾನ ಮತ್ತು ಅರ್ಥಶಾಸ್ತ್ರದ ಅಧ್ಯಾಪಕರು ಒಂದೇ ಕೊಠಡಿಯಲ್ಲಿ ಪಾಠ ಮಾಡಲಿ. ಯಾವುದು ಮಾದರಿಯ ಒಳಗೆ, ಯಾವುದು ಹೊರಗೆ ಎಂದು ವಿದ್ಯಾರ್ಥಿಗಳ ಎದುರೇ ವಾದಿಸಲಿ. ಮಾದರಿ ಓಡಿಸುವ ಮುನ್ನ ವಿದ್ಯಾರ್ಥಿ ತನ್ನ ಊಹೆಯ ಗ್ರಾಫ್ ಬರೆದು ಕೊಡಬೇಕು. ಅಂಕ ಕೊಡಬೇಕಾದದ್ದು ಊಹೆ ಸರಿಯಾದದ್ದಕ್ಕಲ್ಲ, ಅದು ಎಲ್ಲಿ, ಯಾಕೆ ತಪ್ಪಿತೆಂದು ಬರೆದ ವಿವರಣೆಗೆ.